ಗಣಪತಿ ಗುಡಿಯ ಮೂಲೆಗೆ ಒಂದು ಡಬ್ಬಿ

ಇಚಲಕರಂಜಿಯ ಮಗ್ಗದ ಓಣಿಗಳಲ್ಲಿ ಫೋನ್ ಮಾಡಿ ಪ್ರಯೋಜನವಿಲ್ಲ. ಯಂತ್ರಗಳ ಸದ್ದಿನಲ್ಲಿ ಯಾರಿಗೂ ಕೇಳುವುದಿಲ್ಲ. ಅದಕ್ಕೇ, ಊಟದ ಡಬ್ಬಿ ಮಾಡಿ ಮುಟ್ಟಿಸುವ ಮಾಲನಬಾಯಿ ಗಿರಾಕಿಗಳು ಡಬ್ಬಿ ಹೇಳಲೆಂದು ಮೊಬೈಲಿನಲ್ಲಿ ತೆರೆಯುವ ಪುಟವೊಂದನ್ನು ಮಾಡಿಸಿದ್ದಳು. ತೆರೆದ ಕೂಡಲೇ, ನೀವಿರುವ ಜಾಗ ತಿಳಿಸಲು ಅನುಮತಿ ಕೊಡುವಿರಾ ಎಂದು ಬ್ರೌಸರ್ ಕೇಳುತ್ತಿತ್ತು. ಹಸಿದವರು ಅದನ್ನೆಲ್ಲ ಓದುತ್ತಾರೆಯೇ? ಎಲ್ಲರೂ ಒತ್ತಿಬಿಡುತ್ತಿದ್ದರು. ಮಾಲನಬಾಯಿಯ ನಕ್ಷೆಯಲ್ಲಿ ಅವರಿರುವ ಕಡೆ ಕೆಂಪು ಚುಕ್ಕೆ ಬೀಳುತ್ತಿತ್ತು.

ಅಂದು ಅವಳು ಜೋಳದ ಭಾಕರಿ ಬಡಿಯುತ್ತಿದ್ದಾಗ ಮಗ್ಗದ ಕೆಲಸದ ಸರ್ಜೇರಾವ್ ಬಂದು ಒಲೆಯ ಮುಂದೆ ಕೂತ.

"ವೈನಿ, ನನ್ನ ಹೆಂಡ್ತಿ ಸಾರಿಕಾ ಮನಿ ಬಿಟ್ಟು ಹೋಗ್ಯಾಳ. ನಿಮ್ಮ ಡಬ್ಬಿನ ತರಸ್ತಾಳಂತ. ಎಲ್ಲಿ ಅದಾಳ ತೋರಸ್ರಿ."

"ಹೊಡದೀಯಂತಲ್ಲೋ?"

"ಕುಡದಾಗ ಒಂದೇಟು ಬಿದ್ದಿರಬೇಕು. ಈಗ ಕಾಲು ಹಿಡೀತೀನಿ, ಆತಿಲ್ಲ?" ಎಂದು ಕಣ್ಣೊರೆಸಿಕೊಂಡ.

ಗಂಡ ಹೆಂಡಿರ ನಡುವೆ ಗುಟ್ಟೇನು ಎಂದುಕೊಂಡಳು ಮಾಲನಬಾಯಿ. ಮುರಿದ ಸಂಸಾರ ಕೂಡಿಸಿದ ಪುಣ್ಯದ ಆಸೆಯೂ ಇತ್ತು. ಸಾರಿಕಾಳ ಚುಕ್ಕೆ ತೋರಿಸಿದಳು.

ಮಧ್ಯಾಹ್ನ ಡಬ್ಬಿ ಹಿಡಿದು ಗಣಪತಿ ಗುಡಿಯ ಮೂಲೆಗೆ ಹೋದರೆ ಸಾರಿಕಾ ಇರಲಿಲ್ಲ. ವಿಳಾಸವೆಂದು ಅವಳು ಬರೆದಿದ್ದುದು ಆ ಮೂಲೆಯನ್ನಷ್ಟೇ; ದಿನವೂ ಅಲ್ಲಿಗೇ ಬಂದು ಒಯ್ಯುತ್ತಿದ್ದಳು. ಚುಕ್ಕೆ ಮಾತ್ರ ಅವಳು ಉಳಿದುಕೊಂಡಿದ್ದ ಖೋಲಿಯ ಮೇಲೇ ಬಿದ್ದಿತ್ತು. ಸರ್ಜೇರಾವ್‌ಗೆ ತೋರಿಸಿದ್ದು ಅದನ್ನೇ. ಮಾಲನಬಾಯಿ ಆ ಖೋಲಿಯತ್ತ ಓಡಿದಳು.

ಬಾಗಿಲು ಮುರಿದಿತ್ತು. ಸರ್ಜೇರಾವ್ ಮಗ್ಗದ ಲಾಳಿಯಿಂದ ಹೆಂಡತಿಯ ಮುಖಕ್ಕೆ ಬಡಿಯುತ್ತಿದ್ದ. ಲಾಳಿಯ ಕಬ್ಬಿಣದ ಮೂತಿಗೆ ತುಟಿ ಸೀಳಿತ್ತು, ಮುಂಗೈ ಮುರಿದು ಜೋತಿತ್ತು. ಅವಳು ಕಿರುಚುತ್ತಲೇ ಇದ್ದಳು. ಗೋಡೆಯಾಚೆ ಮಗ್ಗಗಳು ಓಡುತ್ತಲೇ ಇದ್ದವು. ಮಾಲನಬಾಯಿ ತುಂಬಿದ ಡಬ್ಬಿಯನ್ನು ಬೀಸಿ ಅವನ ತಲೆಗೆ ಅಪ್ಪಳಿಸಿದಳು. ಕುಸಿದುಬಿದ್ದವನನ್ನು ಪೊಲೀಸರು ಒಯ್ದರು.

ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದ ಬಾಯಿಂದ ಸಾರಿಕಾ ಕೇಳಿದಳು: "ಮೂಲಿ ಅಷ್ಟ ಬರದಿದ್ದೆ ಅಕ್ಕಾ. ಖೋಲಿ ಹೆಂಗ ಸಿಕ್ತು ಅವಗ?"

"ನಾನ ತೋರಿಸಿದೆ."

ಸಾರಿಕಾ ಗೋಡೆಯ ಕಡೆ ತಿರುಗಿ ಮಲಗಿದಳು. ಮಾಲನಬಾಯಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಅಂದೇ ಪುಟವು ಜಾಗ ಕೇಳದಂತೆ ಮಾಡಿಸಿದಳು. ಹಳೆಯ ಚುಕ್ಕೆಗಳನ್ನೂ ಅಳಿಸಿಹಾಕಿದಳು.

ಕೆಲವು ದಿನಗಳ ಮೇಲೆ ಜಾಮೀನಿನಲ್ಲಿ ಹೊರಬಂದ ಸರ್ಜೇರಾವ್ ನೇರ ಮಾಲನಬಾಯಿಯ ಅಡುಗೆಮನೆಗೇ ನುಗ್ಗಿದ. ಕೂದಲು ಹಿಡಿದು ತಲೆಯನ್ನು ಗೋಡೆಗೆ ಚಚ್ಚಿದ.

"ಈಗೆಲ್ಲಿ ಅದಾಳ?"

"ಗೊತ್ತಿಲ್ಲ."

ಮತ್ತೆ ಚಚ್ಚಿದ. ಹಣೆ ಒಡೆದು ರಕ್ತ ಕಣ್ಣಿಗಿಳಿಯಿತು.

"ಕೊಲ್ಲು ಬೇಕಾದ್ರ. ನನಗ ಖರೇನ ಗೊತ್ತಿಲ್ಲೋ ಮುಠ್ಠಾಳ!" ಕೊಸರಿಕೊಂಡು ಅವಳು ಕಾದ ಹಂಚನ್ನು ಇಕ್ಕಳದಲ್ಲಿ ಎತ್ತಿ ಹಿಡಿದಳು. ಅವನು ಹಿಂದೆ ಸರಿದು ಓಣಿಗಿಳಿದ.

ಅಂದೇ ಮಧ್ಯಾಹ್ನ ಹಣೆಗೆ ಬಟ್ಟೆ ಸುತ್ತಿಕೊಂಡು ಅವಳು, ಸಾರಿಕಾ ಪುಟದಲ್ಲಿ ಬರೆದಿದ್ದ ಬೇರೊಂದು ಮೂಲೆಯಲ್ಲಿ ಡಬ್ಬಿ ಹಿಡಿದು ನಿಂತಳು. ಕೈಗೆ ಪಟ್ಟಿ ಕಟ್ಟಿಕೊಂಡ ಸಾರಿಕಾ ಬಂದು ಡಬ್ಬಿ ಇಸಿದುಕೊಂಡಳು. ಅವಳು ಯಾವ ಓಣಿಗೆ ತಿರುಗುತ್ತಾಳೋ ತನಗೆ ಕಾಣುವುದು ಬೇಡವೆಂದು, ಮಾಲನಬಾಯಿ ಬೆನ್ನು ಮಾಡಿ ನಿಂತಳು.