ಚಾಂಟಿಂಗ್ ಅಡಗಿಸಿಟ್ಟರೆ ತಾಮ್ರ ಇಳಿಯುವುದಿಲ್ಲ

ಇಂಡೋನೇಷ್ಯಾದ ಪೆಕಲೋಂಗನ್ ನಗರದ ಪಕ್ಕದ ಬಾಟಿಕ್ ಕೇರಿಯಲ್ಲಿ ಹದಿನೈದು ವರ್ಷದ ವೆನಿಂಗಳ ಕೈ ಮತ್ತೆ ನಡುಗತೊಡಗಿತ್ತು. ಅನ್ನದ ತಟ್ಟೆ ಜಾರಿ ಬಿತ್ತು. ಅಮ್ಮನನ್ನು ಕೂಗಲು ಹೋದರೆ ನಾಲಿಗೆ ತೊದಲಿತು.

"ಮೈಗಳ್ಳತನ ಅದು. ಬಟ್ಟೆಗೆ ಮೇಣ ಬರೆಯೋ ಕೆಲಸ ಬಿಟ್ಟು ಎರಡು ತಿಂಗಳಾಯ್ತು, ಈಗ ತಟ್ಟೇನೂ ಹಿಡಿಯಲ್ವಂತೆ" ಎಂದಳು ಪಕ್ಕದ ಮನೆಯ ಸುಪರ್ತಿ.

ವೆನಿಂಗಳಿಗೆ ಮೈಯೆಲ್ಲ ಉರಿದುಹೋಯಿತು. ಕೆಲಸ ಬಿಟ್ಟವಳು ಅವಳಲ್ಲ. ಅವಳ ಚಾಂಟಿಂಗನ್ನು, ತುದಿಯಲ್ಲಿ ತಾಮ್ರದ ಪುಟ್ಟ ಬಟ್ಟಲಿರುವ ಆ ಮೇಣದ ಲೇಖನಿಯನ್ನು, ಅಕ್ಕಿ ಡಬ್ಬದಲ್ಲಿ ಅಡಗಿಸಿಟ್ಟವಳು ತಾಯಿ ಸರ್ಮಿನಿ. ಕಳೆದ ವರ್ಷ ಡಾಕ್ಟರು, "ಇದು ವಿಲ್ಸನ್ ಕಾಯಿಲೆ, ಮಗಳ ಮೈಯಲ್ಲಿ ತಾಮ್ರ ತುಂಬಿಕೊಂಡಿದೆ" ಎಂದು ಮಾತ್ರೆ ಕೊಟ್ಟಿದ್ದರು. ನಡುಕ ನಿಂತಿತ್ತು. ಆದರೆ ಸರ್ಮಿನಿಯ ತಲೆಯಲ್ಲಿ ಬೇರೆಯೇ ಯೋಚನೆ ಹೊಕ್ಕಿತು. ಮೇಣ ಕಟ್ಟಿದಾಗಲೆಲ್ಲ ಹುಡುಗಿ ಚಾಂಟಿಂಗಿನ ಮೂತಿಯನ್ನು ಬಾಯಿಂದ ಊದುತ್ತಾಳೆ, ತಾಮ್ರ ಅಲ್ಲಿಂದಲೇ ಬಂದದ್ದು, ಅದು ಹೋದರೆ ಕಾಯಿಲೆಯೂ ಹೋಗುತ್ತದೆ. ಹೀಗೆಂದುಕೊಂಡು ಚಾಂಟಿಂಗ್ ಅಡಗಿಸಿಟ್ಟ ದಿನವೇ ಮಾತ್ರೆಯನ್ನೂ ನಿಲ್ಲಿಸಿಬಿಟ್ಟಳು.

ಸುದ್ದಿ ಕೇಳಿ ಆರೋಗ್ಯ ಕಾರ್ಯಕರ್ತೆ ಪುರ್ವಾಂತಿ ಬಂದು ಸರ್ಮಿನಿಯ ಎದುರು ಕುಳಿತಳು.

"ಅಕ್ಕ, ನಿಮ್ಮಮ್ಮ ನಲವತ್ತು ವರ್ಷ ಚಾಂಟಿಂಗ್ ಊದಿದ್ರು. ಅವರ ಕೈ ನಡುಗಿತಾ?"

"ಇಲ್ಲ."

"ಮತ್ತೆ? ತಾಮ್ರ ನಾವು ತಿನ್ನೋ ಊಟದಲ್ಲೇ ಇರುತ್ತೆ. ಜಾಸ್ತಿ ಆದದ್ದನ್ನ ನಮ್ಮ ಲಿವರ್ ಹೊರಗೆ ಹಾಕುತ್ತೆ. ಇವಳ ಲಿವರ್‌ಗೆ ಹುಟ್ಟಿದಾಗಿಂದ ಆ ಶಕ್ತಿ ಇಲ್ಲ. ಅದಕ್ಕೇ ಮಾತ್ರೆ. ದಿನಾ, ಡಾಕ್ಟರು ಹೇಳಿದ ಹಾಗೆ ಖಾಲಿ ಹೊಟ್ಟೇಲಿ, ಜೀವನ ಪೂರ್ತಿ. ನಿಲ್ಲಿಸಿದ್ರೆ ಜೀವಕ್ಕೇ ಸಂಚಕಾರ."

"ನಮ್ಮ ವಂಶದಲ್ಲಿ ಯಾರಿಗೂ ಇಲ್ವಲ್ಲ ತಾಯಿ" ಎಂದಳು ಸರ್ಮಿನಿ.

"ನಿಮ್ಮಲ್ಲೂ ಇವಳಪ್ಪನಲ್ಲೂ ಈ ಕಾಯಿಲೆಯ ಒಂದೊಂದು ಪಾಲು ಅಡಗಿತ್ತು. ನಿಮಗೆ ತೊಂದರೆ ಆಗ್ಲಿಲ್ಲ. ಇವಳಿಗೆ ಎರಡೂ ಸೇರಿಬಿಡ್ತು. ಇವಳ ತಂಗಿ ಸೆಕಾರ್‌ಗೂ ಬಂದಿರಬಹುದು. ಚೆನ್ನಾಗಿ ಆಡ್ಕೊಂಡಿದ್ರೂ ಪರೀಕ್ಷೆ ಮಾಡಿಸ್ಲೇಬೇಕು."

ವೆನಿಂಗ್ ನಡುಗುವ ಕೈಯಿಂದಲೇ ನೆಲ ಗುದ್ದಿದಳು. ಒಂದೊಂದೇ ಮಾತನ್ನು ಹೊರಗೆ ತಳ್ಳಿದಳು. "ಮಾತ್ರೆ ಕೊಡು... ಅಂತ ಎರಡು ತಿಂಗಳು ಕೇಳ್ದೆ. ನಾಲಿಗೆ ತೊದಲುತ್ತೆ ಅಮ್ಮ... ತಲೆ ಕೆಟ್ಟಿಲ್ಲ."

ಸರ್ಮಿನಿ ಎದ್ದು ಹೋಗಿ ಅಕ್ಕಿ ಡಬ್ಬಕ್ಕೆ ಕೈ ಹಾಕಿದಳು. ಚಾಂಟಿಂಗನ್ನು ಸೆರಗಿನಲ್ಲಿ ಒರೆಸಿ ಮಗಳ ಮಡಿಲಲ್ಲಿಟ್ಟಳು. ಅಂದೇ ಇಬ್ಬರು ಹೆಣ್ಣುಮಕ್ಕಳನ್ನೂ ಆಸ್ಪತ್ರೆಗೆ ಕರೆದೊಯ್ದಳು.

ಸೆಕಾರಳಿಗೂ ಕಾಯಿಲೆಯಿತ್ತು. ಕೈ ನಡುಗುವ ಮೊದಲೇ ಅವಳಿಗೆ ಔಷಧ ಶುರುವಾಯಿತು. ವೆನಿಂಗಳ ನಾಲಿಗೆ ನಿಧಾನವಾಗಿ ತಿಳಿಯಾಯಿತು. ಆದರೆ ಎಂಟು ತಿಂಗಳಾದರೂ ಅವಳ ಗೆರೆ ಮೊದಲಿನಷ್ಟು ನೇರ ಬಂದಿಲ್ಲ. ಆ ಎರಡು ತಿಂಗಳು ಹಾಳುಮಾಡಿದ್ದನ್ನು ನೆನೆದರೆ ಅವಳಿಗೆ ಈಗಲೂ ಸಿಟ್ಟು ಬರುತ್ತದೆ. ಬರಲೇಬೇಕು.

ಅಮ್ಮಂದಿರೇ, ಅಪ್ಪಂದಿರೇ, ಹರೆಯದ ಮಗುವಿನ ಅಕ್ಷರ ಕೆಟ್ಟರೆ, ಕೈ ನಡುಗಿದರೆ, ಮಾತು ತೊದಲಿದರೆ, ಕಣ್ಣು ಹಳದಿಯಾದರೆ ಮೈಗಳ್ಳ ಎಂದು ಬೈಯಬೇಡಿ, ಆಸ್ಪತ್ರೆಗೆ ಕರೆದೊಯ್ಯಿರಿ. ಡಾಕ್ಟರು ಹೇಳದೆ ಮಾತ್ರೆಯನ್ನು ಒಂದು ದಿನವೂ ನಿಲ್ಲಿಸಬೇಡಿ. ಒಡಹುಟ್ಟಿದವರೆಲ್ಲರ ಪರೀಕ್ಷೆ ಮಾಡಿಸಿ. ವೆನಿಂಗ್ ಎರಡು ತಿಂಗಳು ಕೇಳಬೇಕಾಯಿತು. ನಿಮ್ಮ ಮಗು ಎರಡನೇ ಸಲ ಕೇಳುವಂತಾಗಬಾರದು.