ಲಾಲಸಾಬನ ಮೊಸಳೆ ಮತ್ತು ಚುಕ್ಕೆ ಗೆರೆ

೧.

ಮೊಸಳೆಯಿಂದ ಶುರು ಮಾಡಲೋ, ಮಗಳ ಲ್ಯಾಪ್‌ಟಾಪಿನಿಂದ ಶುರು ಮಾಡಲೋ? ಮೊಸಳೆಯಿಂದ ಮಾಡಿದರೆ ನೀವು ಕೂತಲ್ಲಿಂದ ಏಳುವುದಿಲ್ಲ. ಮೂವತ್ತು ವರ್ಷ ಅದನ್ನೇ ಹೇಳಿ ಎಷ್ಟೋ ಜನರ ಚಹಾ ಆರಿಸಿದ್ದೇನೆ. ಕೇಳಿ:

ಕೃಷ್ಣಾ ನದಿ. ಹದಿನಾಲ್ಕು ಅಡಿ ಮೊಸಳೆ. ನನ್ನ ತಮ್ಮ ಲಾಲಸಾಬ, ವಯಸ್ಸು ಹತ್ತೊಂಬತ್ತು, ಅದರ ಬೆನ್ನೇರಿ ಈ ದಂಡೆಯಿಂದ ಆ ದಂಡೆಗೆ...

(ದೊಡ್ಡ ಮಗಳು ಲೈಬಾ ಬೆನ್ನ ಹಿಂದೆ ನಿಂತು ಓದುತ್ತಿದ್ದಾಳೆ. "ಅಬ್ಬಾ, ಹೋದ ಸಲ ಹನ್ನೆರಡು ಅಡಿ ಇತ್ತು." ಇರಲಿ. ವರ್ಷ ಕಳೆದಂತೆ ಬೆಳೆಯುವ ಜಾತಿಯ ಮೊಸಳೆ ಅದು.)

ಈ ಕರಡು ಬಿಟ್ಟೆ.

೨.

ಹಾಗಾದರೆ ನೆಟ್ಟಗೆ ಹೇಳುತ್ತೇನೆ. ನಾನು ದಸ್ತಗೀರ್, ಜಮಖಂಡಿ ಕಡೆಯವನು. ಈಗ ಶಿಕಾಗೋದಿಂದ ನಾಲ್ಕೈದು ತಾಸಿನ ದಾರಿಯ ವಿಕ್ಸಮ್‌ನಲ್ಲಿ ಕಾರಿನ ಸೀಟುಗಳಿಗೆ ಕವರ್ ಹೊಲಿಯುತ್ತೇನೆ. ಹೆಂಡತಿ ನೂರುನ್ನೀಸಾ. ಲೈಬಾ ಶಿಕಾಗೋದ ಒಂದು ಲ್ಯಾಬಿನಲ್ಲಿದ್ದಾಳೆ. ಚಿಕ್ಕವಳು ಆಯೆಷಾ, ಹದಿನಾರು ವರ್ಷ, ಶಾಲೆಯ ಟೀಮಿನಲ್ಲಿ ಓಡುತ್ತಾಳೆ. (ಮನೆಯ ಮಾತು ನಮ್ಮದು ಬೇರೆ. ಆದರೆ ಕಥೆ ಅಂತ ಬಾಯಿ ತೆರೆದರೆ ನನಗೆ ಬರುವುದು ಕನ್ನಡವೇ. ಆದ್ದರಿಂದ ಇಲ್ಲಿ ಎಲ್ಲರೂ ಕನ್ನಡ ಮಾತಾಡುತ್ತಾರೆ, ಆಯೆಷಾ ಒಬ್ಬಳನ್ನು ಬಿಟ್ಟು.)

ಆಗಸ್ಟಿನಲ್ಲಿ, ಮೂರು ಮೈಲಿ ಓಟದ ಕೊನೆಯಲ್ಲಿ ಆಯೆಷಾ ಬಿದ್ದಳು. ಇಲ್ಲಿಯ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಎಂಬತ್ತೆಂಟು ಡಿಗ್ರಿ ಬಿಸಿಲು. ಎರಡು ನಿಮಿಷಕ್ಕೆ ಎದ್ದು ಕೂತು, "ಐ ಆಮ್ ಫೈನ್, ಅಬ್ಬಾ" ಅಂದಳು. ಡಾಕ್ಟರೂ ಬಿಸಿಲಿನದೇ ಇರಬೇಕು ಅಂದರು. ಆದರೂ ರಕ್ತ ತೆಗೆದು ಅವಳ ಜೀನೋಮ್, ಅಂದರೆ ವಂಶವಾಹಿಗಳ ಪೂರ್ತಿ ಬರಹ, ಓದಿಸಿದರು. ಅಷ್ಟುದ್ದದ ಜೀನೋಮಿನಲ್ಲಿ ಒಂದು ಅಕ್ಷರ ಬೇರೆ ಇದೆ, ಅದರ ಅರ್ಥ ಇನ್ನೂ ಯಾರಿಗೂ ಗೊತ್ತಿಲ್ಲ ಅಂತ ವರದಿ ಬಂತು.

(ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟವನು. ಅರ್ಥ ಗೊತ್ತಿಲ್ಲದ ಅಕ್ಷರ ನನಗೇನು ಹೊಸದಲ್ಲ.)

೩.

ಮೊನ್ನೆ ಗುರುವಾರ ಲೈಬಾ ಶಿಕಾಗೋದಿಂದ ಡ್ರೈವ್ ಮಾಡಿಕೊಂಡು ಬಂದು, ಊಟದ ತಟ್ಟೆಗಳನ್ನು ಸರಿಸಿ ಲ್ಯಾಪ್‌ಟಾಪ್ ಇಟ್ಟಳು. ಅದೊಂದು ವೆಬ್‌ಸೈಟು. ಜೀನೋಮಿನ ಮಾಹಿತಿ ಹಾಕಿದರೆ, ಮೈಯೊಳಗಿನ ಯಾವ ಪ್ರೋಟೀನು ಯಾವುದರ ಜೊತೆ ಸೇರಿ ಕೆಲಸ ಮಾಡುತ್ತದೆ ಅಂತ ಬಲೆ ಬರೆದು ತೋರಿಸುತ್ತದೆ. ಬಣ್ಣದ ಗುಂಡುಗಳು, ನಡುವೆ ಗೆರೆಗಳು. ಒಂದನ್ನು ಎಳೆದರೆ ಮದುವೆಮನೆಯ ನೆಂಟರ ಹಾಗೆ ಉಳಿದವೂ ಗುಂಪಾಗಿ ಹಿಂದೆ ಬರುತ್ತವೆ.

"ಆ ಅಕ್ಷರ ಬದಲಾಗಿದ್ದು ಈ ಕೆಂಪು ಗುಂಡಿಂದು," ಅಂದಳು ಲೈಬಾ. "ಸುತ್ತ ಅದಾವಲಾ, ಅವೆಲ್ಲ ಹಾರ್ಟ್ ತಾಳ ತಪ್ಪದಂಗ ನೋಡ್ಕೊಳ್ಳೋವು."

"ಈ ಗೆರಿ ಯಾಕ ಚುಕ್ಕಿ ಚುಕ್ಕಿ?" ನೂರುನ್ನೀಸಾ ಕೇಳಿದಳು.

"ಗಟ್ಟಿ ಗೆರಿ ಅಂದ್ರ ಲ್ಯಾಬ್‌ನಾಗ ಯಾರೋ ಕಂಡಿದ್ದು, ಅಮ್ಮಿ. ಚುಕ್ಕಿ ಅಂದ್ರ ಈ ಟೂಲ್ ಗೆಸ್ ಮಾಡಿದ್ದು."

"ಹಂಗಾರ ಇದೂ ನಿಮ್ಮ ಅಬ್ಬಾನಂಗನ ಆತು."

"ಅಬ್ಬಾ ಚುಕ್ಕಿ ಎಲ್ಲಿ ಹಾಕ್ತಾರ? ಎಲ್ಲಾ ಗಟ್ಟಿ ಗೆರಿನ!"

ಫ್ರಿಜ್ಜಿಗೆ ಒರಗಿ ನಿಂತಿದ್ದ ಆಯೆಷಾ, "ಬರ್ನ್!" ಅಂತ ಕೂಗಿದಳು, ಅಬ್ಬಾನಿಗೆ ಸರಿಯಾಗಿ ಬಿತ್ತು ಅನ್ನುವ ಹಾಗೆ. ಎಲ್ಲರೂ ನಕ್ಕರು. ನಾನೂ ನಕ್ಕೆ.

"ಮತ್ತ ಇದರಾಗ ಪಕ್ಕಾ ಏನ್ ಗೊತ್ತಾತವ್ವ?" ಅಂದೆ.

"ಪಕ್ಕಾ ಏನಿಲ್ಲ, ಅಬ್ಬಾ. ಎಲ್ಲಿ ನೋಡಬೇಕು ಅಂತ ಹೇಳ್ತದ, ಅಷ್ಟ. ಮನಿತನದಾಗ ಯಾರಾದ್ರೂ ಸಣ್ಣ ವಯಸ್ಸಿನಾಗ ಒಮ್ಮೆಲೆ ಹೋಗಿದ್ರ ಮಾತ್ರ ಮುಂದ ಚೆಕ್ ಮಾಡೂಣು ಅಂದ್ರು ಡಾಕ್ಟರ್. ನಮ್ಮಲ್ಲಿ ಹಂಗ ಯಾರೂ ಇಲ್ಲಲ್ಲ. ಶನಿವಾರದ ಪಂದ್ಯದಾಗ ಓಡಲಿ ಅಂದಾರ."

ಮನೆತನದ ಫಾರ್ಮ್ ತುಂಬಿದ್ದು ಅವಳೇ. ತೆರೆದು ತೋರಿಸಿದಳು. ತಂದೆಯ ತಮ್ಮ, ಹತ್ತೊಂಬತ್ತು ವರ್ಷ. ಸಾವಿನ ಕಾರಣ: ಮೊಸಳೆ.

(ನಗಬೇಡಿ. ಲೈಬಾ ಐದು ವರ್ಷದವಳಿದ್ದಾಗ ಗೋಡೆಯ ಫೋಟೋ ತೋರಿಸಿ, ಇವರಿಗೆ ಏನಾಯಿತು ಅಂತ ಕೇಳಿದ್ದಳು. ನಾನು ಹೇಳಿದ್ದೆ. ಅಪ್ಪ ಹೇಳಿದ್ದನ್ನು ಮಕ್ಕಳು ಗಟ್ಟಿ ಗೆರೆಯಲ್ಲೇ ಬರೆದುಕೊಳ್ಳುತ್ತಾರೆ.)

೪.

ಇಲ್ಲಿ ಕಥೆಗೆ ಎರಡು ಕೊನೆ ಸಿಗುತ್ತವೆ. ಬೇಕಾದ್ದು ಆರಿಸಿಕೊಳ್ಳಿ.

ಕೊನೆ ಒಂದು: ನಾನು ಸುಮ್ಮನಿದ್ದೆ. ಶನಿವಾರ ಆಯೆಷಾ ಓಡಿದಳು, ಗೆದ್ದಳು, ಪದಕ ತಂದು ಚಾಚಾ ಲಾಲಸಾಬನ ಫೋಟೋಕ್ಕೆ ಹಾಕಿದಳು. ನನ್ನ ಮಾನವೂ ಉಳಿಯಿತು, ಮೊಸಳೆಯೂ ಉಳಿಯಿತು.

ಕೊನೆ ಎರಡು: ನಾನು ಸುಮ್ಮನಿದ್ದೆ. ಶನಿವಾರ ಆಯೆಷಾ ಓಡಿದಳು.

(ಇದರ ಮುಂದಿನ ಸಾಲು ನನ್ನಿಂದ ಬರೆಯಲಾಗದು. ಹೊಡೆದು ಹಾಕಿದೆ.)

೫.

ಆಗ ಮೊಸಳೆಯೇ ಕಥೆಯೊಳಗಿಂದ ತಲೆ ಎತ್ತಿತು. ಸಿಟ್ಟಿತ್ತು ಅಂದುಕೊಂಡೆ. ಇರಲಿಲ್ಲ.

"ದಸ್ತಗೀರಸಾಬ್ರ, ನಾ ತಿನ್ನದ ಹುಡುಗನ್ನ ಮೂವತ್ತು ವರ್ಷ ನನ್ನ ಹೊಟ್ಟ್ಯಾಗ ಇಟ್ಟೀರಿ. ಭಾರ ಆಗ್ಯಾನ್ರಿ. ಕರಕೊಂಡು ಹೋಗ್ರಿ."

೬.

"ಲೈಬಾ, ಮೊಸಳಿ ಇರಲಿಲ್ಲವ್ವಾ," ಅಂದೆ.

ನೀರೇ ಇರಲಿಲ್ಲ. ಬೇಸಿಗೆ, ನದಿ ಬತ್ತಿತ್ತು. ಮರಳಿನ ಮೇಲೆ ಜಾಲಿಮರದವರೆಗೆ ಓಡೋಣ, ಸೋತವನು ಒಂದು ಪ್ಲೇಟ್ ಗಿರಮಿಟ್ ಚುರುಮುರಿ ಕೊಡಿಸಬೇಕು ಅಂತ ನಾನೇ ಪಂಥ ಕಟ್ಟಿದ್ದೆ. ಲಾಲಸಾಬ, "ಯಾಕೋ ಎದಿ ಡವಡವ ಅಂತದ, ಭಯ್ಯಾ, ಇವತ್ತ ಬ್ಯಾಡ" ಅಂದ. "ಅಂಜಬುರುಕ" ಅಂದೆ. ಓಡಿದ. ನನಗಿಂತ ಮುಂದೆ ಇದ್ದ. ಬಿದ್ದ. ನಾಟಕ ಮಾಡುತ್ತಿದ್ದಾನೆ ಅಂತ ನಾನು ಅವನನ್ನು ದಾಟಿ ಹೋಗಿ, ಮರ ಮುಟ್ಟಿ, ಗೆದ್ದೆ ಅಂತ ಕೂಗಿದೆ.

ಆ ವರ್ಷವೇ ಊರು ಬಿಟ್ಟು ಪುಣೆಗೆ ಹೊಲಿಗೆ ಕಲಿಯಲು ಹೋದೆ. ಮೊಸಳೆ ಹುಟ್ಟಿದ್ದು ಅಲ್ಲಿ.

ಲೈಬಾ ಮೆಲ್ಲಗೆ ಕೇಳಿದಳು, "ಅದಕ್ಕೂ ಮೊದ್ಲ ಚಾಚಾ ಎಂದಾದ್ರೂ ಬಿದ್ದಿದ್ರಾ?"

"ಎರಡು ಸಲ. ಎರಡೂ ಸಲ ಓಡುವಾಗನ."

ಅವಳು ಮೊಸಳೆಯನ್ನು ಒಂದೊಂದೇ ಅಕ್ಷರ ಅಳಿಸಿ, ನಾನು ಹೇಳಿದ್ದನ್ನು ಬರೆದಳು. ಫೋನ್ ಎತ್ತಿಕೊಂಡು ಡಾಕ್ಟರಿಗೆ ಮಾತಾಡಲು ಹೊರಗೆ ಹೋದಳು.

"ಮೊಸಳಿ ಸುಳ್ಳು ಅಂತ ಮದುವ್ಯಾದ ವರ್ಷನ ಗೊತ್ತಾಗಿತ್ತು," ಅಂದಳು ನೂರುನ್ನೀಸಾ. "ಅದನ್ನ ಹೇಳುವಾಗಷ್ಟ ನೀವು ನನ್ನ ಮಾರಿ ನೋಡ್ತಿರಲಿಲ್ಲ. ಖರೇ ಏನಂತ ಕೇಳಾಕ ನನಗ ಧೈರ್ಯ ಸಾಲಲಿಲ್ಲ."

ಆಯೆಷಾ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತಳು. ಬೈಯುತ್ತಾಳೆ ಅಂದುಕೊಂಡೆ. ಶನಿವಾರಕ್ಕಾಗಿ ಎಷ್ಟು ದಿನದಿಂದ ಕಾದಿದ್ದವಳು.

"ಸೋ ಚಾಚಾ ವಾಸ್ ಫಾಸ್ಟರ್ ದ್ಯಾನ್ ಯು?"

"ಹೂಂನವ್ವಾ," ಅಂದೆ. "ಭಾಳ."

೭.

ಇವತ್ತು ಶನಿವಾರ. ಆಯೆಷಾ ಓಡುತ್ತಿಲ್ಲ. ಮೈದಾನದ ಅಂಚಿನಲ್ಲಿ ನನ್ನ ಜೊತೆ ಮಡಚುವ ಕುರ್ಚಿಯಲ್ಲಿ ಕೂತು ಗೆಳತಿಯರ ಹೆಸರು ಕೂಗುತ್ತಿದ್ದಾಳೆ. ಅಂಗಿಯೊಳಗೆ ಎದೆಗೆ ಅಂಟಿಸಿದ ಮಾನಿಟರು ಎರಡು ವಾರ ಅವಳ ಒಂದೊಂದು ಬಡಿತವನ್ನೂ ಬರೆದುಕೊಳ್ಳುತ್ತದೆ. ನಮ್ಮ ಮನೆಯಲ್ಲಿ ತನ್ನದೇನೂ ಸೇರಿಸದೆ ಬರೆಯುವುದು ಅದೊಂದೇ.

ಆಮೇಲೆ ಏನಾಯಿತು ಅಂತ ಕೇಳುತ್ತೀರಿ. ಗೊತ್ತಿಲ್ಲ. ಗೊತ್ತಿಲ್ಲದ ಜಾಗವನ್ನು ಏನಾದರೂ ಹೇಳಿ ತುಂಬಿಬಿಡುವುದು ನನ್ನ ಚಟ. ಈ ಒಂದು ಜಾಗ ಖಾಲಿ ಬಿಟ್ಟಿದ್ದೇನೆ.

"ಅಬ್ಬಾ, ಟೆಲ್ ಮಿ ದ ಕ್ರಾಕಡೈಲ್ ವನ್."

"ಅದು ಸುಳ್ಳು ಕಥಿ ಅದವ್ವಾ."

"ಐ ನೋ. ಚುಕ್ಕಿ ಹಾಕಿ ಹೇಳು." ಅವಳ ಬಾಯಲ್ಲಿ ಕನ್ನಡ!

ಚುಕ್ಕೆ ಹಾಕಿ ಹೇಳುತ್ತಿದ್ದೇನೆ, ನೀವೂ ಕೇಳಿ. ಕೃಷ್ಣಾ ನದಿ, ತುಂಬ ನೀರು. ಹದಿನೈದು ಅಡಿ ಮೊಸಳೆ. ಅದರ ಬೆನ್ನ ಮೇಲೆ ಲಾಲಸಾಬ, ವಯಸ್ಸು ಹತ್ತೊಂಬತ್ತು, ಒಂದು ಕೈಯಲ್ಲಿ ಗಿರಮಿಟ್ಟಿನ ಪ್ಲೇಟು, ನನ್ನ ಕಡೆ ತಿರುಗಿ ನಗುತ್ತಾ, ಈ ದಂಡೆಯಿಂದ ಆ ದಂಡೆಗೆ . . . . .