ಯೋಪೀ ಮಷೀನಿನ ರಾಕ್ಷಸಿ

ಸಿಂಧನೂರಿನಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದ ಮಂಜೂರ್, ತಾಮ್ರದ ತಂತಿ ತರುತ್ತೇನೆಂದು ಹೈದರಾಬಾದಿನ ಗುಜರಿಗೆ ಹೋದವನು ಪಿನ್‌ಬಾಲ್ ಮಷೀನು ಹೇರಿಕೊಂಡು ಬಂದ. ಕಾಲಿರುವ ಇಳಿಜಾರು ಪೆಟ್ಟಿಗೆ, ಮೇಲೆ ಗಾಜು, ಒಳಗೊಂದು ಉಕ್ಕಿನ ಗುಂಡು. ಗುಂಡು ಕೆಳಗೆ ಜಾರದಂತೆ ಬಟನ್ ಒತ್ತಿ ಹೊಡೆಯಲು ಎರಡು ಪುಟ್ಟ ರೆಕ್ಕೆ. ಮೂಲೆಯಲ್ಲಿ ಗುಂಡು ತಾಗಿದರೆ ಪಾಯಿಂಟ್ ಕೊಡುವ ತಗಡಿನ ಕಪ್ಪೆ. ಹಲಗೆಯ ನಟ್ಟನಡುವೆ ಗುಂಡು ನುಂಗುವ ತೂತು. ಅದರ ಸುತ್ತಲಿದ್ದ ಚಿತ್ರ ಪೂರ್ತಿ ಸವೆದುಹೋಗಿತ್ತು. ಬದಿಯಲ್ಲಿ ‘ಯೋಪೀ, ಬೆಲ್ಜಿಯಂ’ ಎಂದಷ್ಟೇ ಉಳಿದಿತ್ತು.

ಮಷೀನು ಇಡಲು ಜಾಗ ಕೊಟ್ಟವಳು ಅತ್ತೆ ಜುಬೇದಾಬೀ. ಲಿಂಗಸುಗೂರಿನಲ್ಲಿ ಅವಳದು ಬಿರಿಯಾನಿ ಹೋಟೆಲ್. ಅವಳು ಕೆಮ್ಮಿದರೆ ಗಿರಾಕಿಗಳು ನೆಟ್ಟಗೆ ಕೂರುತ್ತಿದ್ದರು. ಮಂಜೂರ್ ಅಂತೂ ಎದ್ದೇ ನಿಲ್ಲುತ್ತಿದ್ದ.

ತಂತಿಯೆಲ್ಲ ತಾನೇ ಸರಿಮಾಡಿ, ಚಿತ್ರ ಬರೆಯಲು ಮಷೀನನ್ನು ಮಸ್ಕಿಯ ಪೇಂಟರ್ ಹೊನ್ನೂರಪ್ಪನ ಹತ್ತಿರ ಬಿಟ್ಟ. “ತೂತಿನ ಸುತ್ತ ಒಂದು ರಾಕ್ಷಸಿ ಬರಿ. ತೂತ ಅಕಿ ಬಾಯಿ,” ಎಂದಿದ್ದ.

ಶುಕ್ರವಾರ ಹೆಂಡತಿ ಸಲ್ಮಾಳನ್ನು ಕರೆದುಕೊಂಡು ಟೆಂಪೊದಲ್ಲಿ ಮಸ್ಕಿಗೆ ಬಂದ. ಹೊನ್ನೂರಪ್ಪ ಮಷೀನಿಗೆ ಚಾದರ ಹೊದಿಸಿ ಟೆಂಪೊಗೆ ಬಿಗಿಯುತ್ತಿರುವಾಗ ಸಲ್ಮಾಳ ಫೋನು ಬಡಿಯಿತು. ಅವಳು ಹೈಸ್ಕೂಲಿನ ಇಂಗ್ಲಿಷ್ ಟೀಚರ್. ನೆಟ್‌ನಲ್ಲಿ ಹುಡುಕಿ ಯೋಪೀ ಕಂಪನಿ ಕಟ್ಟಿದ ಯೋಸ್‌ನ ಮಗಳನ್ನೇ ಪತ್ತೆಹಚ್ಚಿದ್ದಳು. ಈಗ ಫೋನು ಮಾಡಿದ್ದ ಆ ಮುದುಕಿ ನಗುನಗುತ್ತಾ ಹೇಳಿದ್ದನ್ನು ಸಲ್ಮಾ ಗಂಡನಿಗೆ ತಿರುಗಿಸಿ ಹೇಳಿದಳು.

“ಯೋಸ್, ಪೀಟ್ ಅಂತ ಇಬ್ರು ಷಡ್ಡಕರಂತ. ಅಕಾರ್ಡಿಯನ್ ಬಾಜಾ ರಿಪೇರಿ ಮಾಡ್ತಿದ್ರಂತ. ಅತ್ತಿ ದನದ ಕೊಟ್ಟಿಗ್ಯಾಗ ಈ ಕಂಪನಿ ತೆಗ್ದಾರ. ಚಲೋ ನಡದೈತಿ. ಆಮ್ಯಾಲ ತಮಾಷಿಗೆ ಈ ತೂತಿನ ಸುತ್ತ ಅತ್ತಿ ಮುಖಾನ ಬರ್ದಾರ! ಅಕಿ ನೋಡಿ, ಇಬ್ರನ್ನೂ ಹೊರಗ ಹಾಕಿ, ದನ ಒಳಗ ಕಟ್ಟಿದ್ಳಂತ. ಕಂಪನಿ ಖತಂ!”

ಮಂಜೂರ್ ಹೊಟ್ಟೆ ಹಿಡಿದು ನಕ್ಕ. “ಎಂಥಾ ಖೋಡಿ ಅಳಿಯಂದ್ರು ಬೇ!” ಎನ್ನುತ್ತಾ ಚಾದರ ಎತ್ತಿದ.

ಎರಡು ಕೋಡು, ಕೋರೆಹಲ್ಲು, ನಡುವೆ ಸಾಕ್ಷಾತ್ ಜುಬೇದಾಬೀ.

“ಹೊನ್ನೂರಪ್ಪಾ, ಏನಲೇ ಇದು?”

“ನಿಮ್ಮ ಅತ್ತಿ ಹೋಟೆಲ್ ಬೋರ್ಡಿಗೆ ಅವರ ಮುಖ ಬರದಾಗಿಂದ ಹೆಣ್ಮಕ್ಳ ಮುಖ ಅಂದ್ರ ನನ್ನ ಕೈಗೆ ಅದೊಂದ ಬರ್ತದಣ್ಣ. ಹೋದ ತಿಂಗಳ ಭಾರತ ಮಾತೆನೂ ಹಂಗ ಬಂದಾಳ.”

“ಅಳಸು!”

“ಒಣಗೇತಿ. ಅಳಸಾಕ ಹೋದ್ರ ಹಲ್ಲು ಹೋಗಿ ಅಮ್ಮಾರ ಪೂರಾ ಎದ್ದು ಕಾಣ್ತಾರ.”

ಲಿಂಗಸುಗೂರು ಬರುವವರೆಗೂ ಮಂಜೂರ್ ತಿಳಿದಷ್ಟು ದುವಾ ಓದಿದ. ಸಲ್ಮಾ ದುಪಟ್ಟಾ ಬಾಯಿಗಿಟ್ಟುಕೊಂಡು ನಗುತ್ತಲೇ ಇದ್ದಳು.

ನಮಾಜು ಮುಗಿಸಿ ಬಂದ ಗಿರಾಕಿಗಳ ಮುಂದೆ ಜುಬೇದಾಬೀಯೇ ಚಾದರ ಸರಿಸಿದಳು. ಬಗ್ಗಿ ನೋಡಿದಳು. ಕನ್ನಡಕ ತಂದು ಮತ್ತೆ ನೋಡಿದಳು. ಹೋಟೆಲಿನಲ್ಲಿ ಯಾರೂ ಅಗಿಯುತ್ತಿರಲಿಲ್ಲ.

“ಮಂಜೂರ್, ಇದು ನಾ ಏನು?”

“ಅಮ್ಮೀ, ಅದು... ಬೆಲ್ಜಿಯಂದಾಗ ಹಿಂಗ ಪದ್ಧತಿ ಐತ್ರಿ.”

“ಬಾಯಾಗ ಗುಂಡು ಬಿದ್ರ ಎಷ್ಟು ಪಾಯಿಂಟ್?”

“ಹತ್ತುರೀ.”

“ಮೂಲ್ಯಾಗಿನ ಆ ಕಪ್ಪಿಗೆ?”

“ಐವತ್ತುರೀ.”

ಜುಬೇದಾಬೀಯ ಮುಖ ಕೆಂಪೇರಿತು. “ಕಪ್ಪಿಗೆ ಐವತ್ತು, ನನಗ ಹತ್ತು? ಇಡೀ ಲಿಂಗಸುಗೂರ ನನ್ನ ಬಾಯಿಗೆ ಹೆದರ್ತದ! ಸಾವಿರ ಮಾಡು, ಈಗ!”

ಮಂಜೂರ್ ತಡಮಾಡದೆ ಮಷೀನಿನ ಕೆಳಗೆ ನುಸುಳಿ ತಂತಿ ಬದಲಿಸಿದ. ತಲೆಯ ಮೇಲೆ ಆಗಲೇ ಗುಂಡಿನ ಸದ್ದು ಶುರುವಾಗಿತ್ತು. ಅತ್ತೆ ರೆಕ್ಕೆ ಬಡಿಯುತ್ತಾ, “ನುಂಗು, ನುಂಗ ಬೇ!” ಎಂದು ತನ್ನ ಚಿತ್ರವನ್ನೇ ಗದರುತ್ತಿದ್ದಳು. ಗಿರಾಕಿಗಳು ಬಿರಿಯಾನಿ ಕೇಳಿದರೆ, “ನೀವ ಹಾಕ್ಕೋರಿ,” ಎಂದಳು. ಹಾಕಿಕೊಂಡರು, ಎಂದೂ ಇಲ್ಲದಷ್ಟು ಹಾಕಿಕೊಂಡರು.

ಸಂಜೆಗೆ ಹಂಡೆಯಲ್ಲಿ ಉಳಿದದ್ದು ತಳಕ್ಕೆ ಹತ್ತಿದ ಸೀಕು ಮಾತ್ರ. ಮಂಜೂರ್ ಅದನ್ನೇ ಕೆರೆದು ತಿಂದು, ಇಂಥ ಬಿರಿಯಾನಿ ಜನ್ಮದಲ್ಲಿ ತಿಂದಿಲ್ಲವೆಂದ.